ಹದಗಾರರ ಎಣಿಕೆ

ಆ ಊರಿಗೆ ಊರು ಎಂಬುದೇ ಹೆಸರು. ಊರಿನ ನಡುವೆ ಮಗುಚಿಟ್ಟ ಕೊಪ್ಪರಿಗೆಯಂಥ ಒಂದು ಬಂಡೆ, ಬಂಡೆಯ ಮೈತುಂಬ ಗುಳಿಗಳು. ಒಂದೊಂದು ಕುಲಕ್ಕೆ ಒಂದೊಂದು ಗುಳಿ, ಒಂದೊಂದು ಗುಳಿಯೊಳಗೆ ಒಂದು ಗೆರೆ. ಹನ್ನೆರಡು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ, ಊರು ತನ್ನನ್ನು ತಾನು ಎಣಿಸಿಕೊಳ್ಳುತ್ತಿತ್ತು. ಅವತ್ತು ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಒಬ್ಬೊಬ್ಬರೇ ಬಂಡೆಗೆ ಬರಬೇಕು, ತಮ್ಮ ಕುಲದ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು, ತಮ್ಮ ಗುಳಿಗೆ ಒಂದು ಹರಳು ಹಾಕಬೇಕು. ಕೂಸುಗಳನ್ನು ಎತ್ತಿಕೊಂಡು ಬಂದು ಅವುಗಳ ಮುಷ್ಟಿಯಿಂದಲೇ ಹರಳು ಬೀಳಿಸಬೇಕು.

ಹರಳುಗಳು ಗೆರೆ ಮುಟ್ಟದೆ ಹೋದರೆ ಆ ಕುಲದ ಹೆಸರು ಅವತ್ತಿಗೇ ಊರಿನ ನಾಲಿಗೆಯಿಂದ ಉದುರಿಹೋಗುತ್ತಿತ್ತು. ಆಮೇಲೆ ಆ ಹೆಸರನ್ನು ಯಾರು ಹೇಳಹೋದರೂ ಬಾಯಿಂದ ಬರಿ ಗಾಳಿ ಬರುತ್ತಿತ್ತು. ಹೆಸರು ಹೋದ ಮೇಲೆ ಆ ಹೆಸರಿನಲ್ಲಿದ್ದ ಬಾವಿ ಯಾರದೂ ಅಲ್ಲ, ಆ ಹೆಸರಿನಲ್ಲಿದ್ದ ಮಸಣ ಯಾರದೂ ಅಲ್ಲ. ಯಾರದೂ ಅಲ್ಲದ್ದು ಬಲವಿದ್ದವರ ಪಾಲು. ಹಿಂದಿನ ಎಣಿಕೆಯಲ್ಲಿ ಹಾಗೆ ಹೋದದ್ದು ಈಚಲ ಚಾಪೆ ಹೆಣೆಯುವವರ ಹೆಸರು. ಆ ಕುಲದ ಒಬ್ಬ ಮುದುಕ ಇನ್ನೂ ಸಂತೆಯ ಮೂಲೆಯಲ್ಲಿ ಚಾಪೆ ಹರವಿಕೊಂಡು ಕೂರುತ್ತಿದ್ದ. ನೀನು ಯಾರವನು ಅಂತ ಯಾರಾದರೂ ಕೇಳಿದರೆ ಬಾಯಿ ತೆರೆಯುತ್ತಿದ್ದ, ತುಟಿ ಅಲ್ಲಾಡುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ.

ಬಂಡೆಯ ತಗ್ಗಿನ ಅಂಚಿನಲ್ಲಿ, ಊರಿನ ಬಚ್ಚಲ ನೀರು ಹರಿದುಹೋಗುವ ಕಡೆ, ಹದಗಾರರ ಗುಳಿ ಇತ್ತು. ಹಸಿ ತೊಗಲನ್ನು ಹದಕ್ಕೆ ತಂದು ಮೆಟ್ಟು, ಮಿಣಿ, ಹಲಗೆ ಮಾಡಿಕೊಟ್ಟವರು ಹದಗಾರರು. ಊರು ಅವರ ಮೆಟ್ಟು ಮೆಟ್ಟಿತು, ಅವರ ಮಿಣಿಯಿಂದ ನೀರು ಸೇದಿತು, ಅವರ ಹಲಗೆಯ ಸದ್ದಿಗೆ ಕುಣಿಯಿತು, ಅವರ ಹೆಸರನ್ನು ಮಾತ್ರ ಬೈಗುಳ ಮಾಡಿಕೊಂಡಿತು. ಮಣ್ಣಾಡಿ ಬಂದ ಮಕ್ಕಳನ್ನು ಮೇಲಿನ ಕೇರಿಯ ತಾಯಂದಿರು ಹದಗಾರನ ಹಾಗೆ ಆಗಿದ್ದೀಯ ಅಂತ ಗದರುತ್ತಿದ್ದರು. ಹಾಗಾಗಿ ಕೆಳಗಿನ ಕೇರಿಯಿಂದ ಹೊರಗೆ ಕಾಲಿಟ್ಟವರು ಮೊದಲು ಬಿಡುತ್ತಿದ್ದುದು ಆ ಹೆಸರನ್ನು. ಕೆಲವರು ಬೇರೆ ಊರಿಂದ ಬಂದವರು ಅನ್ನಿಸಿಕೊಂಡರು, ಕೆಲವರು ಇನ್ನೊಬ್ಬರ ಗುಳಿಗೆ ಹರಳು ಹಾಕಿದರು, ಕೆಲವರು ಎಣಿಕೆಯ ದಿನ ಕಾಯಿಲೆ ಬಿದ್ದರು. ಎಣಿಕೆಯಿಂದ ಎಣಿಕೆಗೆ ಹದಗಾರರ ಗುಳಿಯಲ್ಲಿ ಹರಳು ಇಳಿಯುತ್ತ ಬಂತು. ಕೇರಿಯಲ್ಲಿ ತೊಟ್ಟಿಲು ಮಾತ್ರ ಒಂದು ದಿನವೂ ಖಾಲಿ ಇರಲಿಲ್ಲ.

ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಗಾಳೆವ್ವನಿಗೆ. ಅವಳು ಆ ಕೇರಿಯ ಸೂಲಗಿತ್ತಿ. ಐವತ್ತು ವರ್ಷ ಊರಿನ ಕೂಸುಗಳೆಲ್ಲ ಅವಳ ಕೈಗೇ ಬಿದ್ದಿದ್ದವು. ಮೇಲಿನ ಕೇರಿಯವರು ನೋವು ಬಂದಾಗ ಅವಳನ್ನು ಹಿತ್ತಲ ಬಾಗಿಲಿನಿಂದ ಕರೆಸಿಕೊಳ್ಳುತ್ತಿದ್ದರು, ಕೂಸು ಅತ್ತ ಮೇಲೆ ಅದೇ ಬಾಗಿಲಿನಿಂದ ಕಳಿಸಿ ನೆಲ ತೊಳೆಯುತ್ತಿದ್ದರು. ಅವಳದೇ ಎರಡು ಕೂಸುಗಳು ಹುಟ್ಟಿದ ದಿನವೇ ಕಣ್ಣು ಮುಚ್ಚಿದ್ದವು. ಗಂಡನೂ ಆ ಕೂಸುಗಳೂ ಹದಗಾರರ ಮಸಣದಲ್ಲಿ, ಒಂದು ತಂಗಡಿ ಗಿಡದ ಪಕ್ಕದಲ್ಲಿ ಮಲಗಿದ್ದರು. ಗಾಳೆವ್ವ ವಾರಕ್ಕೊಮ್ಮೆ ಅಲ್ಲಿ ಹೋಗಿ ಕೂತು ಎದ್ದು ಬರುತ್ತಿದ್ದಳು. ಅವಳಿಗೆ ಇದ್ದ ಆಸ್ತಿ ಅದೊಂದೇ.

ಎಣಿಕೆಗೆ ಎಂಟು ದಿನ ಇರುವಾಗ ಅವಳ ಮೈದುನ ಕೆಂಚಪ್ಪ ಹಲಗೆ ಬಾರಿಸಿಕೊಂಡು ಊರೆಲ್ಲ ಸಾರಿ ಬಂದ. ಊರಿಗೆ ಎಣಿಕೆಯ ಸುದ್ದಿ ಕೊಡುವ ಕೆಲಸ ಮೊದಲಿನಿಂದ ಹದಗಾರರದೇ. ಬಂದವನು ಹಲಗೆಯನ್ನು ಗೋಡೆಗೆ ಒರಗಿಸಿ ಹೊಸ್ತಿಲ ಮೇಲೆ ಕುಸಿದು ಕೂತ.

"ಅತ್ತಿಗೀ, ಇಟ್ಟಿಗಿ ಭಟ್ಟಿಯವ್ರು ನಮ್ಮ ಮಸಣದಾಗ ಹಗ್ಗ ಹಿಡದು ಅಳೀಲಿಕತ್ತಾರ. ಎಣಿಕಿ ಮುಗದ ಮರುದಿನ ಮಣ್ಣು ತಗೀತಾರಂತ."

"ಎಣಿಕಿ ಇನ್ನೂ ಆಗಿಲ್ಲಲ್ಲೋ."

"ಆದ್ರೇನ? ನಾ ಮನಿಮನಿ ಎಣಿಸಿ ನೋಡೀನಿ. ಕೇರಿಯಾಗ ಇರೋರೆಲ್ಲ ಹಾಕಿದ್ರೂ ಗೆರಿಗೆ ನಾಕು ಬೆರಳು ಕಮ್ಮಿ ಬರ್ತೈತಿ. ಅವ್ರಿಗೂ ಗೊತ್ತೈತಿ ಅದು."

ಗಾಳೆವ್ವ ತನ್ನ ಕೈಗಳನ್ನೊಮ್ಮೆ ನೋಡಿಕೊಂಡಳು. ಆಮೇಲೆ ಸೆರಗು ಬಿಗಿದು ಎದ್ದಳು.

"ಕಮ್ಮಿ ಇಲ್ಲೋ ಕೆಂಚಪ್ಪ. ನಾ ಹಿಡದ ಕೂಸುಗಳ ಲೆಕ್ಕದಾಗ ನಾವು ಕಮ್ಮಿ ಇಲ್ಲ. ಎಲ್ಲಿ ಅದಾರ ಅಂತ ನನಗ ಗೊತ್ತೈತಿ. ಹೋಗಿ ದಿನ ಹೇಳಿ ಬರ್ತೀನಿ."

ಮೊದಲು ಅವಳು ಹೋದದ್ದು ಗುಡಿಯ ಬೀದಿಯ ಹೂವಾಡಗಿತ್ತಿಯ ಮನೆಗೆ. ಬೀದಿಗೆ ಅವಳು ಪದ್ಮಾವತಿ. ಗಾಳೆವ್ವನ ಕೈಗೆ ಬಿದ್ದಾಗ, ಅವಳ ತಾಯಿ ಇಟ್ಟ ಹೆಸರು ಉಡಚವ್ವ. ಹೂವಾಡಗಿತ್ತಿ ಅಂಗಳದಲ್ಲಿ ಕನಕಾಂಬರ ಕಟ್ಟುತ್ತಿದ್ದಳು. ಸೂಲಗಿತ್ತಿಯನ್ನು ಕಂಡದ್ದೇ ಅವಳ ಕೈಯ ನಾರು ತುಂಡಾಯಿತು.

"ಯಾಕ ಬಂದೀ ಯವ್ವಾ?" ಅಂದಳು, ಬೀದಿಯ ಕಡೆ ನೋಡುತ್ತ.

"ಇನ್ನೆಂಟು ದಿನಕ್ಕ ಎಣಿಕಿ ಐತಿ ಮಗಳ."

"ನನಗ ಗೊತ್ತೈತಿ. ಆದ್ರ ಗುಡಿಗೆ ನನ್ನ ಕೈಯಾನ ಹೂವ ಹೋಗ್ತಾವ. ನಾ ಆ ಹೆಸರು ಬಾಯಿ ಬಿಟ್ಟು ಹೇಳಿದ್ನೆಂದ್ರ ಮರುದಿನ ಒಂದು ಮೊಳ ಹೂವ ಯಾರೂ ಮುಟ್ಟಂಗಿಲ್ಲ. ಗಂಡಿಲ್ಲದಾಕಿ, ಏನ ತಿನ್ನಲಿ?"

"ಬಾ ಅನ್ನಾಕ ಬಂದಿಲ್ಲವ್ವ ನಾ. ದಿನ ಹೇಳಾಕ ಬಂದೀನಿ. ನಿಮ್ಮಪ್ಪ, ನಿಮ್ಮವ್ವ ಆ ಮಸಣದಾಗ ಅದಾರಲ್ಲ, ಅದಕ್ಕ." ಗಾಳೆವ್ವ ತುಂಡಾದ ನಾರನ್ನು ಎತ್ತಿ ಗಂಟು ಹಾಕಿ ಅವಳ ಕೈಗೆ ಕೊಟ್ಟಳು. "ನೀ ಬದುಕಿದೆಲ್ಲ, ಕಟ್ಟಿಕೊಂಡು ತಿಂದೆಲ್ಲ, ಅದೇ ದೊಡ್ಡದು ನನಗ."

ಹೀಗೆ ಅವಳು ಬಾಗಿಲಿಂದ ಬಾಗಿಲಿಗೆ ಹೋದಳು. ಗಾಣದ ಮನೆಗೆ ಹೋದಳು, ದರ್ಜಿಯ ಮನೆಗೆ ಹೋದಳು, ಅಕ್ಕಸಾಲಿಗರ ಓಣಿಯಲ್ಲಿ ಬಾಡಿಗೆಗಿದ್ದ ಅಣ್ಣತಮ್ಮಂದಿರ ಮನೆಗೆ ಹೋದಳು. ಎಲ್ಲ ಕಡೆಯೂ ಹಿತ್ತಲ ಬಾಗಿಲಿನಲ್ಲೇ ನಿಂತಳು, ಎಲ್ಲ ಕಡೆಯೂ ದನಿ ತಗ್ಗಿಸಿ ದಿನ ಹೇಳಿದಳು, ಬಾ ಅಂತ ಎಲ್ಲೂ ಅನ್ನಲಿಲ್ಲ.

ಕೊನೆಗೆ ಹೋದದ್ದು ಮೇಷ್ಟ್ರ ಮನೆಗೆ. ಊರಿಗೆ ಅವರು ದಿವಾಕರ ಮೇಷ್ಟ್ರು, ದೂರದ ಊರಿನಿಂದ ಬಂದ ಸಂಭಾವಿತರು. ಆದರೆ ಇಪ್ಪತ್ತು ವರ್ಷದ ಹಿಂದೆ ಅವರ ಹೆಂಡತಿಯ ಹೆರಿಗೆಗೆ ಹೋದಾಗ ಗಾಳೆವ್ವ ಅವರ ಎಡಗಿವಿಯ ಹಿಂದಿನ ಮಚ್ಚೆ ನೋಡಿದ್ದಳು. ಆ ಮಚ್ಚೆಯನ್ನು ಮೊದಲು ನೋಡಿದವಳೂ ಅವಳೇ. ಅದು ದ್ಯಾಮಪ್ಪ, ಅಪ್ಪ ಅವ್ವ ತೀರಿಕೊಂಡ ಮೇಲೆ ಸೋದರಮಾವನ ಹಿಂದೆ ಊರು ಬಿಟ್ಟುಹೋದ ಕೂಸು. ಅವತ್ತು ಅವಳು ಏನೂ ಅನ್ನಲಿಲ್ಲ, ಅವರೂ ಏನೂ ಅನ್ನಲಿಲ್ಲ. ಹುಟ್ಟಿದ ಹೆಣ್ಣುಮಗುವನ್ನು ಮಾತ್ರ ಅವರ ತೋಳಿಗೆ ಕೊಡುವಾಗ ಅವಳು ಒಂದು ಗಳಿಗೆ ಹೆಚ್ಚು ಹಿಡಿದುಕೊಂಡಿದ್ದಳು. ಹೆಂಡತಿ ಈಗ ಇರಲಿಲ್ಲ. ಮಗಳು ಮಂದಾಕಿನಿ ಬೆಳೆದು ನಿಂತಿದ್ದಳು.

ಮೇಷ್ಟ್ರು ಹಿತ್ತಲಿಗೆ ಬಂದು, ತಾವೇ ಹಿತ್ತಾಳೆ ಲೋಟದಲ್ಲಿ ನೀರು ತಂದು, ಸೂಲಗಿತ್ತಿಯ ಕೈಗೇ ಕೊಟ್ಟರು. ಆಮೇಲೆ ಬಾಗಿಲು ಮುಂದೆ ಮಾಡಿದರು.

"ಮಗಳ ನಿಶ್ಚಯ ಆಗಿದೆ. ತಿಂಗಳಿಗೆ ಮದುವೆ. ಗಂಡಿನ ಕಡೆಯವರು ದೊಡ್ಡ ಜನ," ಅಂದರು. ತಗ್ಗಿದ ದನಿ ಇನ್ನೂ ತಗ್ಗಿತು, ನಾಲಿಗೆ ತಾನಾಗಿ ಹಳೆಯ ಕೇರಿಗೆ ಇಳಿಯಿತು. "ನನ್ನ ಕೈಯಾಗ ಆಗಂಗಿಲ್ಲ ಯವ್ವಾ. ನಾ ಹುಡುಗ ಇದ್ದಾಗ ಸಾಲಿ ಬಾಗಿಲಾಗ ನಿಂತು ಕಲತೀನಿ. ಮಳಿ ಬಂದ್ರೂ ಒಳಗ ಕರೀಲಿಲ್ಲ. ನನ್ನ ಮಗಳು ಒಳಗ ಕೂತು ಕಲೀಲಿ ಅಂತ ಆ ಹೆಸರು ಬಿಟ್ಟೆ. ಈಗ ಅದನ್ನ ಆಕಿ ಕೊರಳಿಗೆ ಹೆಂಗ ಕಟ್ಟಲಿ?"

ಗಾಳೆವ್ವ ನೀರು ಕುಡಿದು ಲೋಟ ಕೆಳಗಿಟ್ಟಳು. "ಕಲತಳಲ್ಲ?"

"ಕಲತಾಳ. ನನಗಿಂತ ಹೆಚ್ಚು ಕಲತಾಳ."

"ಹಂಗಾದ್ರ ನೀ ತಪ್ಪು ಮಾಡಿಲ್ಲ ದ್ಯಾಮಾ. ನಿನ್ನ ಹೊಟ್ಟಿ ತಣ್ಣಗಿರಲಿ."

ಅವಳು ಹೊರಟುಹೋದಳು. ಬಾಗಿಲ ಹಿಂದೆ ಮಂದಾಕಿನಿ ನಿಂತಿದ್ದಳು. ಅಪ್ಪನನ್ನು ಯಾರೋ ಇನ್ನೊಂದು ಹೆಸರು ಹಿಡಿದು ಕರೆದದ್ದನ್ನು ಅವಳು ಮೊದಲ ಸಲ ಕೇಳಿದಳು.

ಎಣಿಕೆಯ ದಿನ ಬಂತು. ಬಂಡೆಯ ಮೇಲೆ ಎಣಿಕೆಯ ಹಿರಿಯ ಬಿಳಿ ಪಂಚೆ ಉಟ್ಟು ಕೂತ. ನಲವತ್ತು ವರ್ಷದಿಂದ ಎಣಿಸುತ್ತಿದ್ದವನು, ಸುಳ್ಳು ಎಣಿಸಿದವನಲ್ಲ. ಮೇಲಿನ ಗುಳಿಗಳು ಬೆಳಿಗ್ಗೆಯೇ ತುಂಬಿದವು. ಹದಗಾರರ ಸರದಿ ಬಂದಾಗ ನೆರಳು ಪೂರ್ವಕ್ಕೆ ವಾಲಿತ್ತು. ಕೆಂಚಪ್ಪ ಮೊದಲು ಬಂದು ಹೇಳಿದ: ನಾನು ಹದಗಾರ. ಹರಳು ಬಿತ್ತು. ಅವನ ಹೆಂಡತಿ ಹೇಳಿದಳು: ನಾನು ಹದಗಾರ್ತಿ. ಹರಳು ಬಿತ್ತು. ಮೊಮ್ಮಕ್ಕಳು ಹೇಳಿದರು, ಹಲ್ಲಿಲ್ಲದ ಅಜ್ಜಂದಿರು ಹೇಳಿದರು, ಮಾತು ಬಾರದ ಕೂಸುಗಳ ಪರವಾಗಿ ತಾಯಂದಿರು ಹೇಳಿದರು. ಒಂದೊಂದು ಹರಳು ಬಿದ್ದಾಗಲೂ ಗುಳಿಯ ಪಕ್ಕ ಕೂತಿದ್ದ ಗಾಳೆವ್ವ ಅವರ ಗದ್ದ ಮುಟ್ಟಿ ಅನ್ನುತ್ತಿದ್ದಳು: ಬಂದೆಲ್ಲ, ನಿನ್ನ ಹೊಟ್ಟಿ ತಣ್ಣಗಿರಲಿ.

ಕೇರಿ ಮುಗಿಯಿತು. ಗೆರೆಗೆ ನಾಲ್ಕು ಬೆರಳು ಕಡಿಮೆ ಇತ್ತು. ಭಟ್ಟಿಯ ಯಜಮಾನ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ನೋಡುತ್ತ ನಿಂತಿದ್ದ.

ಎಣಿಕೆಯ ಹಿರಿಯ ಬಂಡೆಯಿಂದ ಇಳಿದು ಗಾಳೆವ್ವನ ಹತ್ತಿರ ಬಂದ. ಅವನಿಗೂ ಕನಿಕರ ಇತ್ತು.

"ಗಾಳೆವ್ವ, ಒಂದು ದಾರಿ ಐತಿ. ಬಾರದವರನ್ನ ಬಲ್ಲವರು ಹೆಸರು ಹಿಡಿದು ಕೂಗಿದ್ರ ಅವರ ಹರಳು ನಾ ಹಾಕಬಹುದು. ಈ ಊರಾಗ ಯಾರು ಯಾರ ಹೊಟ್ಟ್ಯಾಗ ಹುಟ್ಯಾರ ಅಂತ ನಿನಗೆಲ್ಲ ಗೊತ್ತೈತಿ. ಕೂಗು. ನಾ ಹಾಕ್ತೀನಿ."

ಗುಂಪಿನಲ್ಲಿ ಎಷ್ಟೋ ಜನರ ಮುಖ ಬೆಳ್ಳಗಾದದ್ದನ್ನು ಗಾಳೆವ್ವ ಕಂಡಳು. ಗಾಣದವನು ನೆಲ ನೋಡಿದ. ದರ್ಜಿ ಹೆಂಡತಿಯ ಕೈ ಹಿಡಿದುಕೊಂಡ. ಅವಳ ನಾಲಿಗೆಯ ತುದಿಯಲ್ಲಿ ಆ ಹೆಸರುಗಳೆಲ್ಲ ಬಂದು ನಿಂತಿದ್ದವು, ತಂಗಡಿ ಗಿಡದ ಕೆಳಗಿನ ಎರಡು ಸಣ್ಣ ದಿಬ್ಬಗಳೂ ಕಣ್ಣ ಮುಂದೆ ಬಂದವು. ಕೆಂಚಪ್ಪ ಅವಳ ಭುಜ ಅಲ್ಲಾಡಿಸಿದ.

"ಹೇಳು ಅತ್ತಿಗೀ! ನಿನ್ನ ಮಕ್ಕಳೇ ಅಲ್ಲಿ ಮಲಗ್ಯಾವು. ಹೇಳು!"

ಗಾಳೆವ್ವನ ಕಣ್ಣಲ್ಲಿ ನೀರು ಬಂತು. ಆದರೂ ತಲೆ ಅಲ್ಲಾಡಿಸಿದಳು.

"ಇಲ್ಲ ಹಿರ್ಯಾರ. ಹೊಟ್ಟಿಯೊಳಗಿಂದ ಕೂಸನ್ನ ಹೊರಗ ಎಳಿಯೂದು ನನ್ನ ಕೆಲಸ ಖರೆ. ಆದ್ರ ಅದು ತಾನಾಗಿ ಬರ್ತೀನಿ ಅಂದಾಗಷ್ಟ ನಾ ಕೈ ಚಾಚೀನಿ. ಮುಂಚೆ ಎಳದ್ರ ಕೂಸೂ ಸಾಯ್ತೈತಿ, ತಾಯಿನೂ ಸಾಯ್ತಾಳ. ನಾ ಯಾರ ಹೆಸರೂ ಹೇಳಂಗಿಲ್ಲ."

ಕೆಂಚಪ್ಪ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಎಣಿಕೆಯ ಹಿರಿಯ ನಿಟ್ಟುಸಿರು ಬಿಟ್ಟು ಬಂಡೆ ಹತ್ತಿದ. ಆಗ ಗುಂಪು ಸರಿದು ದಾರಿ ಆಯಿತು. ಹೂವಿನ ಬುಟ್ಟಿಯನ್ನು ಸೊಂಟದ ಮೇಲೆ ಇಟ್ಟುಕೊಂಡೇ ಹೂವಾಡಗಿತ್ತಿ ನಡೆದು ಬಂದಳು. ಗುಳಿಯ ಮುಂದೆ ಬುಟ್ಟಿ ಇಳಿಸಿ, ಎರಡು ಸಲ ಬಾಯಿ ತೆರೆದು ಮುಚ್ಚಿ, ಮೂರನೆಯ ಸಲ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು.

"ನಾ ಉಡಚವ್ವ! ಹದಗಾರ ಕರಿಯಪ್ಪನ ಮಗಳು!"

ಹರಳು ಬಿತ್ತು. ಗಾಳೆವ್ವನಿಗೆ ಅವಳ ಗದ್ದ ಮುಟ್ಟಲು ಆಗಲಿಲ್ಲ. ಇಬ್ಬರೂ ತಬ್ಬಿಕೊಂಡು ನಿಂತರು. ಅವರು ಹಾಗೆ ನಿಂತಿರುವಾಗಲೇ ಗಾಣದವನು ಬಂದ, ದರ್ಜಿ ಬಂದ, ದರ್ಜಿಯ ನಾಲ್ಕು ಮಕ್ಕಳು ಬಂದರು. ನೀನು ನಮ್ಮ ಹೆಸರು ಹೇಳಲಿಲ್ಲ, ಅದಕ್ಕೇ ಬಂದಿವಿ ಯವ್ವಾ, ಅಂದ ದರ್ಜಿ.

ಆದರೂ ಎರಡು ಬೆರಳು ಕಡಿಮೆ ಇತ್ತು. ಸೂರ್ಯ ಗುಡ್ಡದ ನೆತ್ತಿಗೆ ತಾಗಿತ್ತು.

ಆಗ ಮೇಷ್ಟ್ರ ಮಗಳು ಓಡಿ ಬಂದಳು. ಅವಳಿಗೆ ತನ್ನ ಗುಳಿ ಯಾವುದೆಂದೇ ಗೊತ್ತಿರಲಿಲ್ಲ. ಒಂದೊಂದು ಗುಳಿಯ ಅಂಚಿನಲ್ಲಿ ಕೊರೆದ ಅಕ್ಷರ ಓದುತ್ತ ಓದುತ್ತ ಇಳಿದು ಬಂದು, ತಗ್ಗಿನ ಗುಳಿಯ ಮುಂದೆ ಮಂಡಿಯೂರಿದಳು. ಅಲ್ಲಿ ಪಾಚಿ ದಪ್ಪಗೆ ಕಟ್ಟಿತ್ತು. ಉಗುರಿನಿಂದ ಕೆರೆದಳು. ಮಿಕ್ಕ ಗುಳಿಗಳಿಗೆ ಒಂದೇ ಒಂದು ಪದ ಇದ್ದರೆ, ಇಲ್ಲಿ ಸಾಲುಗಳೇ ಇದ್ದವು. ಹದಗಾರರಲ್ಲಿ ಓದಬಲ್ಲವರು ಈ ತನಕ ಈ ಬಂಡೆಗೆ ಬಂದಿರಲಿಲ್ಲ. ಓದಬಲ್ಲ ಬೇರೆಯವರು ಆ ಬಚ್ಚಲ ನೀರಿಗೆ ಕಾಲಿಟ್ಟಿರಲಿಲ್ಲ.

"ಅಜ್ಜಾ, ಇಲ್ಲಿ ಬರ್ರಿ," ಅಂತ ಎಣಿಕೆಯ ಹಿರಿಯನನ್ನು ಕರೆದಳು. ಎಲ್ಲರಿಗೂ ಕೇಳುವಂತೆ ಬೆರಳಿಟ್ಟು ಓದಿದಳು. "ಇದು ಹದಗಾರರ ಗುಳಿ. ಊರಿನ ಮೊದಲ ಗುಳಿ. ಬಂದವರನ್ನು ಎಣಿಸಿ, ಬಾರದವರಿಗೆ ಕಾಯಿರಿ. ಬರುವವರು ಇರುವ ತನಕ ಎಣಿಕೆ ಮುಗಿಯದು."

ಎಣಿಕೆಯ ಹಿರಿಯ ಪಂಚೆ ಎತ್ತಿಕೊಂಡು ಬಚ್ಚಲ ನೀರಿಗೆ ಇಳಿದ. ಬಗ್ಗಿ ತಾನೂ ಓದಿದ. ಇನ್ನೊಮ್ಮೆ ಓದಿದ. ಅವನ ಮುಖ ಮಗುವಿನ ಮುಖದ ಹಾಗೆ ಆಯಿತು.

"ಹೊತ್ತು ಮುಳುಗ್ತು! ಎಣಿಕಿ ಮುಚ್ಚು!" ಅಂತ ಭಟ್ಟಿಯ ಯಜಮಾನ ಕೂಗಿದ.

"ನಮ್ಮಪ್ಪ ಹೊತ್ತು ಮುಳುಗಿದ ಮ್ಯಾಲೆ ಮುಚ್ಚಬೇಕು ಅಂತ ಹೇಳಿಕೊಟ್ಟಿದ್ದ," ಅಂದ ಹಿರಿಯ ನಿಧಾನವಾಗಿ. "ಅವನಿಗೆ ಅವರಪ್ಪ ಹೇಳಿಕೊಟ್ಟಿದ್ದ. ಕಲ್ಲು ಬ್ಯಾರೆ ಹೇಳ್ತೈತಿ. ನಾ ಕಲ್ಲಿನ ಮಾತು ಕೇಳಾವ. ನಲವತ್ತು ವರ್ಷ ನೋಡಲಾರದ್ದನ್ನ ತೋರಿಸಿದಿ ಮಗಳ, ನಿನಗ ಶರಣು." ಅವನು ಆ ಗುಳಿಯ ಪಕ್ಕದ ಒಣ ಕಲ್ಲಿನ ಮೇಲೆ ತನ್ನ ಚಾಪೆ ಹಾಸಿಕೊಂಡು ಕೂತ.

ಮಂದಾಕಿನಿ ಎದ್ದು ನಿಂತಳು. "ನಾನು ಮಂದಾಕಿನಿ. ಹದಗಾರ ದ್ಯಾಮಪ್ಪನ ಮಗಳು." ಹರಳು ಬಿತ್ತು. ಬಂದೆಲ್ಲ, ಅಂದಳು ಗಾಳೆವ್ವ. ಪಾಚಿ ಮೆತ್ತಿದ ಆ ಬೆರಳುಗಳನ್ನು ತನ್ನ ಸೆರಗಿನಿಂದ ಒರೆಸಿದಳು.

ಎಣಿಕೆ ಮೂರು ಹಗಲಾದರೂ ಮುಗಿಯಲಿಲ್ಲ. ಒಂದೇ ದಿನ ಎಲ್ಲರ ಕಣ್ಣ ಮುಂದೆ ಬರಲಾರದವರು ಮರುದಿನ ಒಬ್ಬಿಬ್ಬರಾಗಿ ಬಂದರು. ಹೆದರಿಕೆ ಇನ್ನೂ ಹೋಗದವರು ಅದರ ಮರುದಿನ ಬಂದರು. ನೆರೆಯೂರುಗಳಿಂದ ಗಾಡಿ ಕಟ್ಟಿಕೊಂಡು ಬಂದರು. ಇನ್ನೊಬ್ಬರ ಗುಳಿಗೆ ಹರಳು ಹಾಕಿದ್ದವರು ಅದನ್ನು ಕೇಳಿ ತೆಗೆದುಕೊಂಡು ಬಂದರು. ಎರಡನೆಯ ದಿನ ಮಧ್ಯಾಹ್ನ ಗೆರೆ ಮುಳುಗಿತು. ಸಂಜೆಗೆ ಗುಳಿ ತುಂಬಿತು. ಮೂರನೆಯ ದಿನ ಹರಳುಗಳು ಉಕ್ಕಿ ಬಚ್ಚಲ ನೀರಿನ ದಾರಿಯನ್ನೇ ಮುಚ್ಚಿ, ನೀರು ಬೇರೆ ಕಡೆ ತಿರುಗಿತು. ನಾವು ಇಷ್ಟು ಮಂದಿಯಾ ಅಂತ ಹದಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವರು ಇಷ್ಟು ಮಂದಿಯಾ ಅಂತ ಊರೂ ನೋಡಿತು. ಭಟ್ಟಿಯ ಯಜಮಾನ ಹಗ್ಗ ಸುತ್ತಿಕೊಂಡು ಮನೆಗೆ ಹೋದ. ಚಾಪೆಯ ಮುದುಕ ಕೂಡ ಬಂದು, ಮಣ್ಣು ತುಂಬಿದ ತನ್ನ ಗುಳಿಯ ಮೇಲೆ ಒಂದು ಹರಳು ಇಟ್ಟ. ಅವನ ಬಾಯಿಂದ ಒಂದೇ ಒಂದು ಅಕ್ಷರ ಹೊರಟಿತು. ಅಷ್ಟಕ್ಕೇ ಅವನು ನಕ್ಕುಬಿಟ್ಟ.

ಎಲ್ಲವೂ ಸರಿಹೋಯಿತು ಅಂತಲ್ಲ. ಗುಡಿಯವರು ಹೂವಾಡಗಿತ್ತಿಯ ಬುಟ್ಟಿಯನ್ನು ವಾಪಸು ಕಳಿಸಿದರು. ಅವತ್ತು ಕೆಳಗಿನ ಕೇರಿಯ ಹೆಂಗಸರೆಲ್ಲ ಬಂದು ಮೊಳ ಮೊಳ ಕೊಂಡುಕೊಂಡರು, ಮಸಣದ ದಿಬ್ಬ ದಿಬ್ಬಕ್ಕೂ ಹೂವು ಬಿತ್ತು. ಮಂದಾಕಿನಿಯ ಗಂಡಿನ ಕಡೆಯವರು ತಾಂಬೂಲ ಹಿಂದಿರುಗಿಸಿದರು. ಒಂದು ದಿನ ಅವಳು ಅತ್ತಳು. ಮರುದಿನ ಕೆಳಗಿನ ಕೇರಿಗೆ ಬಂದು, ಮಕ್ಕಳನ್ನು ಸುತ್ತ ಕೂರಿಸಿಕೊಂಡು, ನೆಲದ ಮೇಲೆ ಅಕ್ಷರ ಬರೆದಳು.

ಮೇಷ್ಟ್ರು ಮೂರು ದಿನವೂ ಬಂಡೆಗೆ ಬರಲಿಲ್ಲ. ನಾಲ್ಕನೆಯ ದಿನ, ಬಿಸಿಲು ಇನ್ನೂ ಎಳೆಯದಾಗಿರುವಾಗ, ಗಾಳೆವ್ವನ ಮನೆಯ ಮುಂದೆ ಬಂದು ನಿಂತರು. ಬೀದಿಯ ಎರಡೂ ಕಡೆ ಜನ ಇದ್ದರು. ಅವರು ಯಾರನ್ನೂ ನೋಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಗಾಳೆವ್ವ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮೇಷ್ಟ್ರು ಅವಳ ಎದುರು ಮಣ್ಣಿನ ಮೇಲೆಯೇ ಕೂತರು.

"ಎಣಿಕಿ ಮುಗೀತೇನ ಯವ್ವಾ?"

"ಮುಗಿಯೂದಿಲ್ಲಂತಲ್ಲ, ನಿನ್ನ ಮಗಳೇ ಓದ್ಯಾಳ. ಹಿರ್ಯಾರು ಇನ್ನೂ ಅಲ್ಲೇ ಕುಂತಾರ."

ಅವರು ಅಂಗಿಯ ಜೇಬಿನಿಂದ ಒಂದು ಹರಳು ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ಅದು ಬೆವರಿಗೆ ಒದ್ದೆಯಾಗಿತ್ತು. ಎಷ್ಟು ದಿನದಿಂದ ಹಿಡಿದುಕೊಂಡಿದ್ದರೋ.

"ಹೋಗಿ ಹಾಕ್ತೀನಿ. ಅದಕ್ಕೂ ಮೊದಲ ಒಂದು ಮಾತು ಕೇಳೂದಿತ್ತು. ನಮ್ಮವ್ವನ ಮುಖ ನನಗ ನೆನಪಿಲ್ಲ. ಆಕಿ ಮಾತೂ ನೆನಪಿಲ್ಲ. ನಾ ಹುಟ್ಟಿದಾಗ ನೀ ಇದ್ದಿ. ಹದಗಾರರ ಮನ್ಯಾಗ ಇನ್ನೊಂದು ಕೂಸು ಹುಟ್ತು ಅಂತ ಆಕಿ ಅತ್ತಳೇನ? ಖರೆ ಹೇಳು."

ಗಾಳೆವ್ವ ಮೊರವನ್ನು ಪಕ್ಕಕ್ಕಿಟ್ಟಳು. ಜೋಳದ ಧೂಳಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವರ ತಲೆಯ ಮೇಲೆ ಇಟ್ಟಳು.

"ಇಲ್ಲೋ ನನ್ನಪ್ಪ. ನಕ್ಕಳು. ಎದಿ ಮ್ಯಾಲೆ ನಿನ್ನ ಹಾಕ್ಕೊಂಡು, ದಣಿದು ಕಣ್ಣು ಮುಚ್ಚಿಕೊಂಡು ನಕ್ಕಳು. ಗಾಳೆವ್ವಾ, ಇವತ್ತಿಗೆ ನಾವು ಒಬ್ರು ಹೆಚ್ಚಾದಿವಿ ನೋಡು, ಅಂದಳು."